ದುರ್ಗಕ್ಕನ ಹಂಡೆ ಮಾಳಿಗೆ ಏರಿದ್ದು

ಹೊಸಪೇಟೆಯ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿರುವ ಉಜ್ಜಿನಪ್ಪನವರ ಲಾಡ್ಜಿನಲ್ಲಿ ಈಗ ಬಿಸಿನೀರು ಬೇಕೆಂದರೆ ನಲ್ಲಿ ತಿರುಗಿಸಿದರೆ ಆಯಿತು. ಮೊದಲು ಹಾಗಿರಲಿಲ್ಲ. ರೂಮಿನ ಬಾಗಿಲು ತೆರೆದು, ಹಿತ್ತಲಿಗೆ ಕೇಳುವ ಹಾಗೆ “ದುರ್ಗಕ್ಕಾ, ನೀರೂ” ಎಂದು ಕೂಗಬೇಕಿತ್ತು. ಕೂಗಿದ ಧಾಟಿ ಅವಳಿಗೆ ಹಿಡಿಸದಿದ್ದರೆ ನೀರು ತಡವಾಗಿ ಬರುತ್ತಿತ್ತು, ಅದೂ ಉಗುರುಬೆಚ್ಚಗೆ.

ದುರ್ಗಕ್ಕ ಚಿತ್ತವಾಡ್ಗಿಯವಳು. ಗಂಡ ತೀರಿಕೊಂಡ ವರ್ಷ ಈ ಲಾಡ್ಜಿನ ಹಿತ್ತಲ ಒಲೆಯ ಮುಂದೆ ಬಂದು ಕೂತವಳು ಅಲ್ಲೇ ಬೇರುಬಿಟ್ಟಳು. ಒಲೆಯ ಮೇಲಿದ್ದದ್ದು ದೊಡ್ಡ ತಾಮ್ರದ ಹಂಡೆ. ಉಜ್ಜಿನಪ್ಪನವರ ತಾಯಿ ಕಂಪ್ಲಿಯ ತವರಿನಿಂದ ತಂದದ್ದಂತೆ. ಹಂಡೆ ಮಾಲೀಕರದ್ದಾದರೂ ದರ್ಬಾರು ದುರ್ಗಕ್ಕನದೇ. ಬಕೀಟು ಹೊತ್ತು ಬಚ್ಚಲ ಬಾಗಿಲಲ್ಲಿ ಇಟ್ಟು, ಗಿರಾಕಿಗೆ ಎರಡು ಮಾತು ಬೈದು ತಿರುಗಿದರೆ ಅವಳಿಗೆ ಸಮಾಧಾನ. ಬೈಸಿಕೊಂಡವರು ಮುಂದಿನ ಸಲ ಬಂದಾಗ ಮೊದಲು ಕೇಳುತ್ತಿದ್ದದ್ದು ದುರ್ಗಕ್ಕ ಇದ್ದಾಳೋ ಇಲ್ಲವೋ ಎಂದು.

ಆಮೇಲೆ ಗಣಿಯ ಕಾಲ ಬಂತು. ಅದೆಂಥ ಕಾಲ! ಹಂಪಿ ನೋಡಲು ಬಂದ ಮೇಷ್ಟ್ರುಗಳು, ಜವಳಿ ವ್ಯಾಪಾರಿಗಳು ಮಲಗುತ್ತಿದ್ದ ಮಂಚಗಳಿಗೆ ಅದಿರು ಕೊಳ್ಳುವವರು, ಲಾರಿ ಮಾಲೀಕರು, ಅವರ ಹಿಂದೆ ಸುತ್ತುವ ದಲ್ಲಾಳಿಗಳು ಬಂದರು. ಸಂಡೂರಿನ ಕಡೆಯಿಂದ ಬಂದವನ ತಲೆ, ಹುಬ್ಬು, ಮೂಗಿನ ಹೊಳ್ಳೆ ಎಲ್ಲವೂ ಕೆಂಪು. ಒಂದು ಬಕೀಟು ಕಾಲು ತೊಳೆಯಲೂ ಸಾಲದು. ಗುಡ್ಡವನ್ನೆಲ್ಲ ತಂದು ನಮ್ಮ ಬಚ್ಚಲಿಗೇ ಸುರೀತೀರೇನು ಎಂದು ದುರ್ಗಕ್ಕ ಗದರುವಳು, ಅವರು ನಗುವರು, ಹೋಗುವಾಗ ಅವಳ ಕೈಗೆ ಏನಾದರೂ ತುರುಕುವರು. ಊರಿಡೀ ಧೂಳು ತಿಂದು ಕೆಮ್ಮುತ್ತಿತ್ತು, ಆದರೂ ಹಿತ್ತಲ ಒಲೆ ಆರದೆ ಉರಿದ ಆ ದಿನಗಳನ್ನು ನೆನೆದರೆ ದುರ್ಗಕ್ಕನ ಮುಖ ಈಗಲೂ ಅರಳುತ್ತದೆ.

ಅಷ್ಟೊಂದು ಜನಕ್ಕೆ ಹಂಡೆ ಸಾಲಲಿಲ್ಲ. ಉಜ್ಜಿನಪ್ಪನವರು ರೂಮಿಗೊಂದು ಗೀಸರ್ ಹಾಕಿಸಿದರು. ಕರೆಂಟ್ ಇದ್ದಾಗ ಬಿಲ್ಲು ಏರಿತು, ಇಲ್ಲದಾಗ ಗಿರಾಕಿಯ ಸಿಟ್ಟು ಏರಿತು. ಆಗ ದಾರಿ ತೋರಿಸಿದವಳು ಬ್ಯಾಂಕಿಗೆ ಹೊಸದಾಗಿ ಬಂದಿದ್ದ ಆಫೀಸರ್ ಸ್ಫೂರ್ತಿ. ಮಾಳಿಗೆಯ ಮೇಲೆ ಬಿಸಿಲಿಗೇ ನೀರು ಕಾಸುವ ಸೋಲಾರ್ ಹಾಕಿಸುವ ಲಾಡ್ಜು, ಹೋಟೆಲುಗಳಿಗೆ ಒಂದು ಯೋಜನೆ ಬಂದಿದೆ, ಸಾಲಕ್ಕೆ ಬಡ್ಡಿ ಕಡಿಮೆ, ಒಂದು ಪಾಲು ಸಬ್ಸಿಡಿ, ಮೇಲೆ ತಿಂಗಳ ಬಿಲ್ಲಿನಲ್ಲೂ ರಿಯಾಯಿತಿ ಎಂದು ಬಿಡಿಸಿ ಹೇಳಿದಳು. ಷರತ್ತುಗಳೂ ಇದ್ದವು. ಗೀಸರು, ಸೌದೆ ಒಲೆ ಎರಡೂ ಹೋಗಬೇಕು. ಎಲ್ಲ ಜೋಡಿಸಿ ಕೆಲವು ತಿಂಗಳಾದ ಮೇಲೆ ತಾನೇ ಬಂದು ನೀರು ಬಿಸಿ ಇದೆಯೋ ನೋಡುತ್ತಾಳೆ, ಆಮೇಲಷ್ಟೇ ಸಬ್ಸಿಡಿ. ಅದು ಕೈತಪ್ಪಿದರೆ ಸಾಲ ಎಳೆಯುವ ತಾಕತ್ತು ಉಜ್ಜಿನಪ್ಪನವರಿಗಿರಲಿಲ್ಲ.

ಒಲೆ ಒಡೆದರು. ಹಂಡೆ ಉಗ್ರಾಣದಲ್ಲಿ ಬೋರಲು ಬಿತ್ತು. ಉಜ್ಜಿನಪ್ಪನವರಿಗೆ ಯಾರಿಗೂ ಮುಖದ ಮೇಲೆ ಕಹಿ ಹೇಳಿ ಗೊತ್ತಿಲ್ಲ. ದೀಪಾವಳಿ ತನಕ ಕಸ ಹೊಡಕೊಂಡಿರು, ಆಮೇಲೆ ನೋಡೋಣ ಎಂದರು. ‘ನೋಡೋಣ’ ಎಂದರೇನೆಂದು ತಿಳಿಯದಷ್ಟು ದಡ್ಡಿಯಲ್ಲ ದುರ್ಗಕ್ಕ. ಪಗಾರದ ಚಿಂತೆ ಇತ್ತು, ಇಲ್ಲವೆನ್ನಲಾಗದು. ಅದಕ್ಕಿಂತ ಹೆಚ್ಚಾಗಿ, ಇಷ್ಟು ವರ್ಷ ಊರೂರಿನ ಜನ ಕೂಗಿದ ತನ್ನ ಹೆಸರನ್ನು ಇನ್ನು ಮೇಲೆ ಯಾರು ಕೂಗುತ್ತಾರೆ ಎಂಬುದು ಅವಳನ್ನು ಕೊರೆಯುತ್ತಿತ್ತು.

ಇತ್ತ ಮಾಳಿಗೆಯ ಮೇಲಿನ ಸೋಲಾರ್ ಮೊದಮೊದಲು ಮಸ್ತಾಗಿ ನೀರು ಕಾಸಿತು. ಬರಬರುತ್ತ ನೀರಿನ ಬಿಸಿ ಇಳಿಯಿತು. ಗಿರಾಕಿಗಳು ಗೊಣಗಿದರು. ಹಾಕಿದವರು ಮೋಸ ಮಾಡಿದರೇನೋ ಎಂದು ಉಜ್ಜಿನಪ್ಪನವರು ಒಳಗೊಳಗೇ ಕೊರಗಿದರು. ಅಷ್ಟರಲ್ಲಿ ದೀಪಾವಳಿಯ ನೀರು ತುಂಬುವ ಹಬ್ಬ ಬಂತು. ರಜೆ ಶುರುವಾಗುವ ಮುಂಚೆ ಅವತ್ತೇ ಬಂದು ನೋಡಿ ಹೋಗುತ್ತೇನೆಂದು ಸ್ಫೂರ್ತಿ ಫೋನ್ ಮಾಡಿದ್ದಳು.

ಆ ಹಬ್ಬವೆಂದರೆ ದುರ್ಗಕ್ಕನಿಗೆ ಪ್ರಾಣ. ಮಾರನೆಯ ದಿನದ ಎಣ್ಣೆ ಸ್ನಾನಕ್ಕೆ ಅವತ್ತು ಹಂಡೆಗೆ ನೀರು ತುಂಬಬೇಕು. ಹಂಡೆಯನ್ನು ಹುಣಸೆಹಣ್ಣು ಹಚ್ಚಿ ತಿಕ್ಕಿ ಬೆಳಗಿ, ಸುಣ್ಣ-ಕೆಮ್ಮಣ್ಣಿನ ಪಟ್ಟೆ ಬಳಿದು, ಕೊರಳಿಗೆ ಹಿಂಡಲಕಾಯಿ ಬಳ್ಳಿ ಸುತ್ತಿ ಪೂಜೆ ಮಾಡುವುದು ಪ್ರತಿವರ್ಷ ಅವಳದೇ ಕೆಲಸ. ಈ ಸಲ ಒಲೆಯೂ ಇಲ್ಲ, ಅದರ ಮೇಲೆ ಹಂಡೆಯೂ ಇಲ್ಲ. ಬೆಳಿಗ್ಗೆ ಬರಿದಾದ ಒಲೆಯ ಜಾಗದಲ್ಲಿ ಸ್ವಲ್ಪ ಹೊತ್ತು ನಿಂತಳು. ಆಮೇಲೆ ಸುಣ್ಣದ ಡಬ್ಬಿ, ಕೆಮ್ಮಣ್ಣು, ಬಳ್ಳಿ ಎತ್ತಿಕೊಂಡು ಮಾಳಿಗೆ ಹತ್ತಿದಳು.

ಮಧ್ಯಾಹ್ನ ಸ್ಫೂರ್ತಿಯನ್ನು ಕರೆದುಕೊಂಡು ಮಾಳಿಗೆಗೆ ಹೋದ ಉಜ್ಜಿನಪ್ಪನವರು ಮೆಟ್ಟಿಲ ತುದಿಯಲ್ಲೇ ತಡೆದು ನಿಂತರು. ಟ್ಯಾಂಕಿನ ಸುತ್ತ ಬಳ್ಳಿ, ಅದರ ಮೇಲೆ ಚೆಂಡು ಹೂವು. ಸೋಲಾರಿನ ಗಾಜಿಗೆ ಒಂದಿಂಚೂ ಬಿಡದೆ ಸುಣ್ಣ, ಸುಣ್ಣದ ಮೇಲೆ ಚಂದಾಗಿ ಎಳೆದ ಕೆಂಪು ಪಟ್ಟೆ. ಬಿಸಿಲು ಒಳಗೆ ಇಳಿಯಲು ಜಾಗವೇ ಇರಲಿಲ್ಲ. ಸ್ಫೂರ್ತಿ ನಲ್ಲಿ ತಿರುಗಿಸಿ ಕೈಯೊಡ್ಡಿದಳು. ನೀರು ತಣ್ಣಗಿತ್ತು.

ಉಜ್ಜಿನಪ್ಪನವರು ಜೀವನದಲ್ಲಿ ಮೊದಲ ಸಲ ಮುಖದ ಮೇಲೆ ಕಹಿ ಆಡಿದರು. “ಒಲಿ ಕಿತ್ತಿಸಿದ್ನಂತ ಹೊಟ್ಟಿಕಿಚ್ಚಿಗೆ ಮಾಡಿದಿ ಏನು, ದುರ್ಗಕ್ಕ?”

ಎಲ್ಲರಿಗೂ ಬಾಯಿ ಮಾಡುವ ದುರ್ಗಕ್ಕ ಕೈಯ ಸುಣ್ಣವನ್ನು ಸೆರಗಿಗೆ ಒರೆಸಿಕೊಂಡಳು. “ನೀರು ಕಾಸೋದಕ್ಕ ಪೂಜಿ ಮಾಡ್ಬೇಕಲ್ರಿ, ಸಾವ್ಕಾರ್ರ. ಈಗ ಕಾಸೋದು ಇದೇ ಅಲ್ಲೇನ್ರಿ?”

ಆ ಮಾತಿಗೆ ಸ್ಫೂರ್ತಿಯ ಕಣ್ಣು ತೇವವಾಯಿತು, ಆದರೆ ಪೆನ್ನು ಹೊರಗೆ ಬರಲಿಲ್ಲ. ನೀರು ತಣ್ಣಗಿದ್ದರೆ ತಾನು ಬಿಸಿ ಎಂದು ಬರೆಯಲಾರೆ, ಹಬ್ಬ ಮುಗಿಸಿ ಇನ್ನೊಂದು ಸಲ ಬರುತ್ತೇನೆ, ಅಷ್ಟರಲ್ಲಿ ಗಾಜು ಸ್ವಚ್ಛ ಮಾಡಿಡಿ ಎಂದು ಹೇಳಿ ಇಳಿದು ಹೋದಳು. ಉಜ್ಜಿನಪ್ಪನವರು ದುರ್ಗಕ್ಕನ ಕಡೆ ತಿರುಗಿಯೂ ನೋಡಲಿಲ್ಲ.

ಅವಳು ಅಳುತ್ತಲೇ ತೊಳೆದಳು. ಸುಣ್ಣ ಜಪ್ಪಯ್ಯ ಎಂದರೂ ಬಿಡಲಿಲ್ಲ. ಕೊನೆಗೆ ಪ್ರತಿವರ್ಷ ಹಂಡೆಗೆ ಹಚ್ಚುತ್ತಿದ್ದ ಹುಣಸೆಹಣ್ಣನ್ನೇ ತಂದು ಹಿಸುಕಿ ತಿಕ್ಕಿದಳು. ಸುಣ್ಣ ಬಿಟ್ಟಿತು, ಅದರ ಹಿಂದೆಯೇ ಇನ್ನೊಂದು ಪದರ ಬಿಡತೊಡಗಿತು. ಅದು ಅವಳು ಬಳಿದ ಕೆಮ್ಮಣ್ಣಲ್ಲ. ಹಾಕಿಸಿದ ದಿನದಿಂದ ಗಾಜಿಗೆ ಅಂಟಿ ಗಟ್ಟಿಯಾಗಿದ್ದ ಗಣಿ ಧೂಳು. ನೀರಿನ ಬಿಸಿ ಇಳಿಸಿದ್ದು ಅದೇ ಎಂದು ಅವಳಿಗೂ ತಿಳಿದಿರಲಿಲ್ಲ, ಯಾರಿಗೂ ತಿಳಿದಿರಲಿಲ್ಲ. ತೊಳೆದು ಮುಗಿಸಿದಾಗ ಗಾಜಿನಡಿಯ ಕರಿ ತಗಡು ಫಳಫಳ ಹೊಳೆಯುತ್ತಿತ್ತು.

ಮಾರನೆಯ ದಿನದ ಬಿಸಿಲು ಬಿದ್ದ ಮೇಲೆ ನಲ್ಲಿಗೆ ಕೈಯೊಡ್ಡಿದ ಉಜ್ಜಿನಪ್ಪನವರು ಹಾ ಎಂದು ಹಿಂದೆ ಸರಿದರು. ಹಬ್ಬ ಕಳೆದು ಬಂದ ಸ್ಫೂರ್ತಿಯೂ ಕೈ ಕೊಡವಿಕೊಂಡು ನಕ್ಕಳು. ಸಹಿ ಹಾಕಿ, ಈ ಊರ ಧೂಳಿಗೆ ಗಾಜನ್ನು ಆಗಾಗ ತೊಳೆಯದಿದ್ದರೆ ನಡೆಯದು, ಯಾರಿದ್ದಾರೆ ಎಂದು ಕೇಳಿದಳು. ಉಜ್ಜಿನಪ್ಪನವರು ನೆಲ ನೋಡುತ್ತ “ನಮ್ಮ ದುರ್ಗಕ್ಕ ಅದಾಳಲ್ರಿ” ಎಂದರು. ತಪ್ಪಾಯಿತು ಎನ್ನಲು ಅವರಿಗೆ ಅಷ್ಟೇ ಬರುತ್ತಿದ್ದದ್ದು.

ಹೀಗೆ ದುರ್ಗಕ್ಕನ ದರ್ಬಾರು ಮಾಳಿಗೆ ಏರಿತು. ಗಣಿ ಇರುವ ತನಕ ಧೂಳಿಗೆ ಬರವಿರಲಿಲ್ಲ, ಧೂಳಿರುವ ತನಕ ಅವಳಿಗೆ ಕೆಲಸಕ್ಕೆ ಬರವಿರಲಿಲ್ಲ. ಆಮೇಲೊಂದು ವರ್ಷ ಗಣಿ ನಿಂತಿತು. ಲಾರಿಗಳು ರಸ್ತೆ ಬದಿಯಲ್ಲಿ ಸಾಲಾಗಿ ನಿಂತು ತುಕ್ಕು ಹಿಡಿದವು, ರೂಮುಗಳ ಬೀಗ ತೆಗೆಯುವವರಿಲ್ಲದಾಯಿತು. ಮಾಳಿಗೆಯ ಗಾಜು ವಾರಗಟ್ಟಲೆ ತಿಳಿಯಾಗಿಯೇ ಉಳಿಯುತ್ತಿತ್ತು. ಇಷ್ಟು ವರ್ಷ ಶಪಿಸಿದ ಆ ಕೆಂಪು ಧೂಳಿಗಾಗಿ ದುರ್ಗಕ್ಕ ಸಂಡೂರಿನ ಗುಡ್ಡಗಳ ಕಡೆ ನೋಡುತ್ತ ನಿಲ್ಲುತ್ತಿದ್ದಳು. ತೊಳೆಯಲು ಧೂಳೇ ಇಲ್ಲದ ಮೇಲೆ ತಾನೇಕೆ ಇಲ್ಲಿ?

ಆ ವರ್ಷವೂ ನೀರು ತುಂಬುವ ಹಬ್ಬಕ್ಕೆ ಟ್ಯಾಂಕಿಗೆ ಬಳ್ಳಿ ಸುತ್ತಿದಳು. ಪಟ್ಟೆ ಬಳಿದದ್ದು ಗೋಡೆಗೆ, ಗಾಜಿಗಲ್ಲ. ಮರುದಿನ ಬೆಳಿಗ್ಗೆ, ಇವತ್ತು ಆ ‘ನೋಡೋಣ’ ಮತ್ತೆ ಬರುತ್ತದೆ ಎಂದುಕೊಂಡೇ ಲಾಡ್ಜಿಗೆ ಬಂದಳು. ಮಹಡಿಯಿಂದ ಕೂಗು ಕೇಳಿಸಿತು.

“ದುರ್ಗಕ್ಕಾ, ನೀರೂ!”

ಗಿರಾಕಿ ಬಂದನೆಂದು ಅವಳ ಕೈ ತಾನಾಗಿಯೇ ಬಕೀಟು ಹುಡುಕಿತು. ಮೇಲೆ ಹೋದರೆ ಗಿರಾಕಿಯಿಲ್ಲ, ಕೂಗಿದವರು ಉಜ್ಜಿನಪ್ಪನವರು. ಬಚ್ಚಲ ಬಾಗಿಲಲ್ಲಿ ಅವರ ಹೆಂಡತಿ ಮರುಳಸಿದ್ದಮ್ಮ ಎಣ್ಣೆ ಬಟ್ಟಲು ಹಿಡಿದು ನಿಂತಿದ್ದರು. ಒಳಗೆ ಉಗ್ರಾಣದ ಹಂಡೆ, ತಿಕ್ಕಿ ಬೆಳಗಿದ್ದು, ಅದರ ತುಂಬ ಮಾಳಿಗೆಯ ಸೋಲಾರಿನಿಂದ ಇಳಿದ ಹಬೆಯಾಡುವ ನೀರು.

“ನಿನಗ ತುಂಬಿಸೀನಿ,” ಎಂದರು ಮರುಳಸಿದ್ದಮ್ಮ. “ಬಾ, ಕುಂದರು.”

ಊರೆಲ್ಲಕ್ಕೂ ನೀರು ಕಾಸಿದ ದುರ್ಗಕ್ಕ ಆ ಬಚ್ಚಲ ಹೊಸ್ತಿಲು ಒಂದು ದಿನವೂ ದಾಟಿರಲಿಲ್ಲ. ದಾಟಿದಳು, ಕೂತಳು. ಮರುಳಸಿದ್ದಮ್ಮ ನೆತ್ತಿಗೆ ಎಣ್ಣೆ ತಟ್ಟಿ, ಹಂಡೆಯ ನೀರಿಗೆ ಒಂದಿಷ್ಟು ತಣ್ಣೀರು ಬೆರೆಸಿ ಮೊದಲ ತಂಬಿಗೆ ಸುರಿದರು. ಕೆಲಸ ಬಿಡಿಸುವ ಮಾತನ್ನು ಅವತ್ತು ಯಾರೂ ಎತ್ತಲಿಲ್ಲ, ಆಮೇಲೂ ಎತ್ತಲಿಲ್ಲ. ಕಣ್ಣೀರೋ ಬಿಸಿನೀರೋ ಕೆನ್ನೆಯ ಮೇಲೆ ಇಳಿಯುತ್ತಿರಲು ದುರ್ಗಕ್ಕ ತಲೆಯೆತ್ತದೆ ಗದರಿದಳು.

“ಉಗುರುಬೆಚ್ಚಗ ಐತ್ರಿ ಅಮ್ಮಾರ. ಇನ್ನಷ್ಟು ಬಿಸೀದು ಹಾಕ್ರಿ.”