ಅಣ್ಣನ ತಲೆಯ ಮೇಲೆ ಟೊಪಗಿ

ಫೋಟೋ ತಿದ್ದುವ ಆ ಸಾಫ್ಟ್‌ವೇರಿಗೆ ದುಡ್ಡು ಕೊಡಬೇಕಾಗಿಲ್ಲ ಎಂಬುದೊಂದೇ ಅದರ ಒಳ್ಳೆಯ ಗುಣ. ಉಳಿದದ್ದೆಲ್ಲ ನನ್ನ ತಲೆ ತಿನ್ನಲಿಕ್ಕೆಂದೇ ಮಾಡಿಟ್ಟ ಹಾಗಿತ್ತು.

ಕಾಲೇಜಿನಲ್ಲಿದ್ದಾಗ ಸಿಕ್ಕ ಲ್ಯಾಪ್‌ಟಾಪು ಡಿಗ್ರಿ ಮುಗಿದ ಮೇಲೆ ಕಪಾಟಿನಲ್ಲಿ ಧೂಳು ತಿನ್ನುತ್ತಿತ್ತು. ಅಕ್ಕನ ಮದುವೆಯಾಗಿ ಮನೆಯಲ್ಲಿ ನನ್ನೊಡನೆ ಜಗಳಾಡಲು ಯಾರೂ ಉಳಿಯದಿದ್ದಾಗ ಅದನ್ನು ಹೊರಗೆ ತೆಗೆದೆ. ಫೋಟೋಗಳನ್ನು ಕತ್ತರಿಸಿ, ಕೂಡಿಸಿ, ಇಲ್ಲದ ಲೋಕವೊಂದನ್ನು ಮಾಡುವುದನ್ನು ಕಲಿಯಬೇಕೆಂದು ಹಟ ಹಿಡಿದೆ. ಯೂಟ್ಯೂಬಿನಲ್ಲಿ ಒಬ್ಬ ಹುಡುಗ ಆನೆಯನ್ನು ಮೋಡದ ಮೇಲೆ ನಿಲ್ಲಿಸುತ್ತಿದ್ದ, ಚಹಾ ಕಪ್ಪಿನಲ್ಲಿ ಹಡಗು ತೇಲಿಸುತ್ತಿದ್ದ. ಹೇಳುವುದೆಲ್ಲ ಹಿಂದಿಯಲ್ಲಿ, ಅದೂ ರೈಲು ತಪ್ಪುವವನ ಗಡಿಬಿಡಿಯಲ್ಲಿ. ಅವನ ಪರದೆಯ ಮೇಲಿದ್ದ ಬಟನ್ನು ನನ್ನದರಲ್ಲಿ ಇರುತ್ತಲೇ ಇರಲಿಲ್ಲ. ಪ್ರತಿ ಸಲ ಅವನು "ಸಿಂಪಲ್ ಹೈ" ಅಂದಾಗ ಕಪಾಳಕ್ಕೆ ಒಂದು ಬಾರಿಸಬೇಕು ಅನಿಸುತ್ತಿತ್ತು.

ನಾನು ಮಾಡಿದ ಮೊದಲ ಚಿತ್ರದಲ್ಲಿ, ನಮ್ಮ ಅಂಗಳದಲ್ಲಿ ಒಣಹಾಕಿದ ಮೆಣಸಿನಕಾಯಿ ರಾಶಿ ಗುಡ್ಡವಾಗಿತ್ತು. ಅದರ ಮೇಲಿಂದ ಸಂಶಿಗೆ ಹೋಗುವ ಬಸ್ಸು ಕಡಲೆಯಷ್ಟಾಗಿ ಇಳಿದು ಬರುತ್ತಿತ್ತು. ಬಸ್ಸಿನ ಸುತ್ತ ಬಿಳಿ ಅಂಚು ಉಳಿದಿತ್ತು, ಒಂದು ಗಾಲಿ ಗಾಳಿಯಲ್ಲಿತ್ತು. ಆದರೂ ನನಗೆ ಹೆಮ್ಮೆ. ಅವ್ವನಿಗೆ ತೋರಿಸಿದೆ. ಅವಳು ಕಣ್ಣು ಸಣ್ಣ ಮಾಡಿ ನೋಡಿದಳು.

"ಕಾಯಿ ಮ್ಯಾಲೆ ಯಾಕ ಬಸ್ ಹಾಯ್ಸಾಕತ್ತಾರ? ಎಲ್ಲಾ ಪುಡಿ ಆಗೂದಿಲ್ಲೇನು?"

ಇನ್ನು ಇವಳಿಗೆ ತೋರಿಸಿದರೆ ಕೇಳು ಅಂದುಕೊಂಡೆ. ಆದರೆ ಅವಳು ಅಲ್ಲಿಂದ ಏಳಲಿಲ್ಲ. ಸೆರಗಿನಿಂದ ಕೈ ಒರೆಸಿಕೊಳ್ಳುತ್ತ ಕೇಳಿದಳು: "ಹಂಗಾರ ಇಲ್ಲದ್ದನ್ನ ತಂದು ಇಡಾಕ ಬರತೈತಿ ಅಂದಂಗಾತು. ನಿಮ್ಮಣ್ಣನ್ನ ಮದುವಿ ಫೋಟೋದಾಗ ನಿಂದರಸ್ತೀಯೇನಬೇ?"

ಅಣ್ಣ ಅಕ್ಕನ ಮದುವೆಗೆ ಬಂದಿರಲಿಲ್ಲ. ಅವನಿರುವುದು ಕಲಘಟಗಿ ಕಡೆ ತಂಬೂರಿನಲ್ಲಿ, ಹೆಂಡತಿಯ ಊರು. ಅಲ್ಲೇ ಹಾಲಿನ ಗಾಡಿ ಓಡಿಸುತ್ತಾನೆ. ನಮ್ಮ ಕಡೆ ಮದುವೆಗೆ ಕರೆಯುವುದೆಂದರೆ ಮನೆಗೇ ಹೋಗಬೇಕು. ಕೂತು, ಕುಂಕುಮ ಹಚ್ಚಿ, ಅಕ್ಕಿಕಾಳು ಇಟ್ಟು ಕಾರ್ಡು ಕೊಡಬೇಕು. ಅಪ್ಪ ಬಿಸಿಲಲ್ಲಿ ಊರೂರು ತಿರುಗಿ ಎಲ್ಲರನ್ನೂ ಹಾಗೆಯೇ ಕರೆದ. ತಂಬೂರಿಗೆ ಮಾತ್ರ ಕಾರ್ಡಿನ ಫೋಟೋ ಮೊಬೈಲಿನಲ್ಲಿ ಕಳಿಸಿದ. ಮನೆಯ ಮಗನನ್ನು ಏನು ಕರೆಯುವುದು ಎಂಬುದು ಅವನ ವಾದ. "ನನ್ನ ಬಿಡ್ರಿ, ಬೀಗರ ಮನೀಗರೆ ಬಂದು ಒಂದ ಮಾತ ಹೇಳಬಾರದಿತ್ತೇನು? ಇಲ್ಲಿ ನಾ ಹ್ಯಾಂಗ ಮಾರಿ ತೋರಸ್ಲಿ?" ಎಂದು ಅಣ್ಣ ಫೋನಿನಲ್ಲಿ ಕೂಗಾಡಿದ. ಇಬ್ಬರದೂ ಒಂದೇ ಮೂಗು, ಮೂಗಿನ ತುದಿಯಲ್ಲಿ ಒಂದೇ ಸಿಟ್ಟು. ಇಬ್ಬರ ಮೇಲೂ ನನಗೆ ಸಿಟ್ಟು.

ಮದುವೆಯಾದ ಮೇಲೆ ಅವ್ವ ಅತ್ತು, ಕರೆದು, ಊಟ ಬಿಟ್ಟು, ಅಪ್ಪನನ್ನು ಅರ್ಧ ದಾರಿಗೆ ತಂದಿದ್ದಳು. ಹೊಲದಲ್ಲಿ ಹೆಸರುಕಾಳು ಬಿತ್ತಿದ ಮೇಲೆ ತಂಬೂರಿಗೆ ಹೋಗಿ ಮಗನನ್ನೂ ಸೊಸೆಯನ್ನೂ ಕರೆದು ತರೋಣ ಎಂದು ಅವನ ಬಾಯಿಂದ ಹೊರಡಿಸಿದ್ದಳು. ಆದರೆ ಬಿತ್ತನೆ ಮುಗಿದರೂ ಅಪ್ಪ ಏಳುವ ಲಕ್ಷಣ ಕಾಣಲಿಲ್ಲ. ಫೋಟೋದಲ್ಲಿ ಮಗ ಪಕ್ಕದಲ್ಲಿ ನಿಂತದ್ದನ್ನು ಕಂಡರೆ ಅಪ್ಪನ ಕರುಳು ಚುರ್ ಅನ್ನುತ್ತದೆ, ಮರುದಿನವೇ ಬಸ್ಸು ಹತ್ತುತ್ತಾನೆ ಎಂಬುದು ಅವ್ವನ ಲೆಕ್ಕ. ನನಗೂ ಅದು ಸರಿ ಅನಿಸಿತು. ಇಲ್ಲದಿದ್ದರೆ ಮುಂದೆ ಬರುವುದು ನನ್ನ ಮದುವೆ, ಅದರಲ್ಲೂ ಇದೇ ಹಾಡು.

ಅಲ್ಲಿಂದ ಶುರುವಾಯಿತು ನನ್ನ ಗೋಳು. ಅಣ್ಣನ ಫೋಟೋ ಅಂತ ನನ್ನ ಬಳಿ ಇದ್ದದ್ದು ಒಂದೇ ಚಲೋದು. ಹೊಲದ ಬದುವಿನ ಮೇಲೆ ಸಂಜೆ ಬಿಸಿಲಲ್ಲಿ ತೆಗೆದದ್ದು, ಅರ್ಧ ಮುಖ ಬಂಗಾರ, ಅರ್ಧ ಮುಖ ಕಪ್ಪು. ಮದುವೆ ಫೋಟೋ ತೆಗೆದದ್ದು ಕಲ್ಯಾಣ ಮಂಟಪದ ಬಿಳಿ ಲೈಟಿನಲ್ಲಿ. ಅಲ್ಲಿ ನಾವೆಲ್ಲ ಹಿಟ್ಟು ಬಳಿದುಕೊಂಡವರ ಹಾಗೆ ಕಾಣುತ್ತೇವೆ. ಅವನನ್ನು ಅವ್ವನ ಮತ್ತು ಕಾಕಾನ ನಡುವೆ, ಒಂದು ಹೆಜ್ಜೆ ಹಿಂದೆ ನಿಲ್ಲಿಸಿದೆ. ಮನೆಯವರ ನಡುವೆ ಸೂರ್ಯ ಇವನೊಬ್ಬನ ಮೇಲೇ ಬಿದ್ದ ಹಾಗಾಯಿತು. ಬಣ್ಣ ಇಳಿಸಿದರೆ ಜ್ವರ ಬಂದವನ ಹಾಗೆ ಕಂಡ. ಕೂದಲಿನ ಅಂಚು ಬಿಡಿಸಲು ಹೋದರೆ ಕಿವಿಯೂ ಜೊತೆಗೆ ಹೋಯಿತು. ಲೇಯರ್ ಎಂಬ ಪದರುಗಳನ್ನು ಒಂದರ ಮೇಲೊಂದು ಹಾಸುತ್ತಾ ಹೋಗಬೇಕು; ಯಾವ ಪದರಿನ ಮೇಲೆ ಕೂತಿದ್ದೇನೆಂದು ಮರೆತು ಒಮ್ಮೆ ಅಣ್ಣನ ಬದಲು ಅವ್ವನ ಮುಖವನ್ನೇ ಅಳಿಸಿದೆ. ಅಷ್ಟರಲ್ಲಿ ಕರೆಂಟು ಹೋಯಿತು. ಆ ಲ್ಯಾಪ್‌ಟಾಪಿನ ಬ್ಯಾಟರಿ ಎಂದೋ ಸತ್ತಿತ್ತು. ಮಧ್ಯಾಹ್ನವಿಡೀ ಮಾಡಿದ್ದು ನೀರುಪಾಲು. ಅಳು ಬಂತು. ಅವ್ವ ರೊಟ್ಟಿ ತಟ್ಟುತ್ತ ಒಳಗಿನಿಂದಲೇ "ಆತೇನಬೇ?" ಅಂದಳು. "ನೀನ ಬಂದು ಮಾಡು!" ಎಂದು ಒದರಿದೆ.

ಕೊನೆಗೊಂದು ದಿನ ಅಣ್ಣ ನೆಟ್ಟಗೆ ನಿಂತ. ನೆರಳೂ ಸರಿ ಬಿತ್ತು, ಬೆಳಕೂ ಸರಿಯಾಯಿತು. ಅವ್ವನನ್ನು ಕರೆದೆ. ಅವಳು ಮಗನ ಮುಖವನ್ನು ಪರದೆಯ ಮೇಲೇ ನೇವರಿಸಿದಳು. ಆಮೇಲೆ ಕೈ ತಡೆದಳು.

"ತಲಿ ಬರೇದೈತಲ್ಲಬೇ. ಆಯೇರಿ ಎಲ್ಲಿ?"

ಆಗ ನನಗೂ ಕಂಡಿತು. ಮದುವೆಯಲ್ಲಿ ಗಂಡಿನ ಕಡೆಯ ಬೀಗರು ನಮ್ಮ ಮನೆಯ ಗಂಡಸರಿಗೆ ಆಯೇರಿ ಮಾಡಿದ್ದರು: ತಲೆಗೆ ಬಿಳಿ ಟೊಪಗಿ, ಹೆಗಲಿಗೆ ಟಾವೆಲ್. ಫೋಟೋದಲ್ಲಿ ಅಪ್ಪ ಮತ್ತು ಕಾಕಾ ಇಬ್ಬರೂ ಹಾಗೆಯೇ ನಿಂತಿದ್ದಾರೆ. ಅಣ್ಣನೊಬ್ಬ ಬರೀ ತಲೆ, ಬರೀ ಹೆಗಲು. ನೋಡಿದವರು ಏನು ತಿಳಿದಾರು? ಮನೆಯ ಹಿರಿಮಗನನ್ನು ಬೀಗರು ಲೆಕ್ಕಕ್ಕೇ ಹಿಡಿಯಲಿಲ್ಲ ಅಂತಲೇ. ಇಷ್ಟು ದಿನ ಕೂದಲು ಬಿಡಿಸಿದ ನನ್ನ ಕಣ್ಣಿಗೆ ಅದು ಕಾಣಲಿಲ್ಲವೆಂದು ಮೈಯೆಲ್ಲ ಉರಿಯಿತು. ಆ ಕೂದಲನ್ನೆಲ್ಲ ಈಗ ಟೊಪಗಿಯ ಕೆಳಗೆ ಮುಚ್ಚಬೇಕಿತ್ತು ಬೇರೆ.

ಕಾಕಾನ ಟೊಪಗಿಯನ್ನೇ ನಕಲು ಮಾಡಿ ಅಣ್ಣನ ತಲೆಗಿಟ್ಟೆ. ಕಾಕಾನ ತಲೆ ದೊಡ್ಡದು, ಟೊಪಗಿ ಕಿವಿಯವರೆಗೆ ಇಳಿಯಿತು. ಕುಗ್ಗಿಸಿದೆ, ಓರೆ ಮಾಡಿದೆ. ಇಬ್ಬರ ಟೊಪಗಿಗೂ ಒಂದೇ ಕಡೆ ಒಂದೇ ಸುಕ್ಕು. ಅದನ್ನು ಅಳಿಸಿ ಬೇರೆ ಸುಕ್ಕು ಬರೆದೆ. ಟಾವೆಲ್ಲಿನ ಕಥೆ ಹೇಳಿ ಯಾರಿಗೂ ಬೇಸರ ಮಾಡುವುದಿಲ್ಲ. ಮುಗಿದಾಗ ಮಾತ್ರ, ನನ್ನ ಬಾಯಿಂದ ನಾನೇ ಹೇಳುತ್ತೇನೆ, ಅಗದಿ ಬರೋಬ್ಬರಿ ಆಗಿತ್ತು. ಎಲ್ಲಿ ಕೂಡಿಸಿದ್ದೇನೆಂದು ನನಗೇ ಹುಡುಕಬೇಕಾಗಿತ್ತು.

ಸಂಶಿಯಲ್ಲಿ ಪ್ರಿಂಟು ಹಾಕಿಸಿ ತಂದು ಅಪ್ಪನ ಕೈಗೆ ಕೊಟ್ಟೆ. ಅವ್ವ ಬಾಗಿಲ ಮರೆಯಲ್ಲಿ ನಿಂತಿದ್ದಳು. ಅಪ್ಪ ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದ. ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದ. ನಾವು ಗೆದ್ದೆವು ಅಂದುಕೊಂಡೆ.

"ಚಲೋ ಮಾಡೀದಿ," ಅಂದ. "ಎಲ್ಲಾರೂ ಇದ್ದಂಗಾತು."

ಮರುದಿನ ಅಪ್ಪ ಬಸ್ಸು ಹತ್ತಿದ್ದು ಖರೆ. ಹೋದದ್ದು ಸಂಶಿಗೆ, ಫೋಟೋಕ್ಕೆ ಕಟ್ಟು ಹಾಕಿಸಲು. ತಂದು ಪಡಸಾಲೆಯಲ್ಲಿ, ಒಳಗೆ ಬಂದವರ ಕಣ್ಣಿಗೆ ಮೊದಲು ಬೀಳುವಲ್ಲಿ ಮೊಳೆ ಹೊಡೆದ. ಬಂದವರೆಲ್ಲ "ಮಗಾ ಬಂದಿದ್ನೇನ್ರಿ?" ಅನ್ನುತ್ತಿದ್ದರು. ಅಪ್ಪ ಹೌದು ಅನ್ನುತ್ತಿರಲಿಲ್ಲ, ಇಲ್ಲವೆಂದೂ ಅನ್ನುತ್ತಿರಲಿಲ್ಲ. "ಚಾ ಕುಡೀರಿ" ಅನ್ನುತ್ತಿದ್ದ. ಅಣ್ಣನಿಗೂ ಕಳಿಸೆಂದು ನನಗೆ ಹೇಳಿದ. ಮೊಬೈಲಿನಲ್ಲಿ ಕಳಿಸಿದೆ. ತುಸು ಹೊತ್ತಿಗೆ ಅಣ್ಣನ ಫೋನು ಬಂತು.

"ಟೊಪಗಿ ಯಾರದಬೇ ಅದು?"

"ಕಾಕಾಂದು."

"ಹೂಂ," ಅಂದು ಇಟ್ಟುಬಿಟ್ಟ.

ಆಮೇಲೆ ಒಂದು ಮುಂಜಾನೆ ಅವ್ವ ಟ್ರಂಕಿನಿಂದ ಹೊಸ ಟೊಪಗಿ, ಟಾವೆಲ್, ಸೊಸೆಗೆಂದು ತೆಗೆದಿಟ್ಟಿದ್ದ ಸೀರೆ ಎಲ್ಲ ಹೊರಗಿಟ್ಟು ಅಪ್ಪನನ್ನು ಕೇಳಿದಳು: "ಇವತ್ತರೆ ಹೋಗೂಣೇನ್ರಿ ತಂಬೂರಕ್ಕ?"

ಅಪ್ಪ ಕಟ್ಟೆಯ ಮೇಲೆ ಕೂತು ಹಲ್ಲು ತಿಕ್ಕುತ್ತಿದ್ದ. ತಿರುಗಿ ಪಡಸಾಲೆಯ ಗೋಡೆಯತ್ತ ನೋಡಿದ. "ಇನ್ನೇನ್ ಅವಸರ ಐತಿ? ಇಲ್ಲೇ ಅದಾನಲ್ಲ," ಅಂದ. ತಮಾಷೆಗೆ ಅಂದದ್ದಲ್ಲ. ಅವನ ಮುಖದಲ್ಲಿ ಇಷ್ಟು ದಿನ ಇದ್ದ ಚಡಪಡಿಕೆ ಇರಲಿಲ್ಲ. ಅದನ್ನು ನಾನೇ ಒರೆಸಿ ತೆಗೆದಿದ್ದೆ, ಬಿಳಿ ಅಂಚೂ ಉಳಿಯದ ಹಾಗೆ. ನನಗೆ ಆ ಚೌಕಟ್ಟನ್ನು ಕಿತ್ತು ಅಂಗಳಕ್ಕೆ ಎಸೆಯಬೇಕು ಅನಿಸಿತು.

ಅವ್ವ ಸೀರೆ ಮಡಚಿ ಟ್ರಂಕಿಗಿಟ್ಟು, ನನ್ನ ಪಕ್ಕ ಬಂದು ಕೂತಳು.

"ಫೋಟೋದಾಗಿಂದ ಅವನ್ನ ತಗದುಬಿಡು. ಅವನ ಜಾಗಾ ಖಾಲಿ ಬಿಡು. ಹೋಗ್ತಾ ಬರ್ತಾ ನಿಮ್ಮಪ್ಪಗ ಕಾಣಬೇಕದು."

ಲ್ಯಾಪ್‌ಟಾಪು ತೆರೆದೆ. ಅಣ್ಣನ ಪದರನ್ನು ಮುಚ್ಚಿದರೆ ಮುಗಿಯಿತು, ಅಷ್ಟು ಈಗ ನನಗೆ ಬರುತ್ತಿತ್ತು. ಒಂದು ಒತ್ತಿಗೆ ಅವನು ಮಾಯವಾದ. ಅವ್ವ ಪರದೆಗೆ ಮುಖ ಹಚ್ಚಿ ಹುಡುಕಿದಳು. ಅವಳ ಹೆಗಲಿಗೆ ಕಾಕಾನ ಹೆಗಲು ಹತ್ತಿತ್ತು, ಕಾಕಾನ ಹೆಗಲಿಗೆ ನನ್ನದು. ಎಲ್ಲರೂ ನಗುತ್ತಿದ್ದೆವು.

"ಖಾಲಿ ಜಾಗಾ ಎಲ್ಲೈತಿ?"

"ಇಲ್ಲಬೇ. ಅವತ್ತ ಯಾರೂ ಬಿಟ್ಟೇ ಇಲ್ಲ."

ಅವಳು ಬಹಳ ಹೊತ್ತು ಆ ಫೋಟೋದಲ್ಲಿ ನಗುತ್ತಿದ್ದ ತನ್ನನ್ನೇ ನೋಡಿದಳು.

"ಹಂಗಾರ ನನ್ನ ಒಂದೀಟು ಆಚೆ ಸರಸು," ಅಂದಳು.