ದೀಪದ ಹೊತ್ತಿನ ಕಪ್ಪುಬಿಳುಪು

ಅಮ್ಮ ಟೆಕ್ಸಸ್ಸಿನ ಶುಗರ್ ಲ್ಯಾಂಡಿನ ನಮ್ಮ ಮನೆಗೆ ಬಂದಿದ್ದ ಬೇಸಿಗೆಯಲ್ಲಿ ಅವಳಿಗೆ ಹಿಡಿದ ಹುಚ್ಚೆಂದರೆ ಅಮೆರಿಕದ ಹಳೆಯ ಕಪ್ಪುಬಿಳುಪು ಸಿನಿಮಾ. ಬಿಸಿಲಿಗೆ ಹೊರಗೆ ಕಾಲಿಡುವಂತಿಲ್ಲ, ಕಾರಿಲ್ಲದೆ ಅಂಗಡಿಗೂ ಹೋಗುವಂತಿಲ್ಲ. ಇನ್ನೇನು ಮಾಡಿಯಾಳು? ದಿನವಿಡೀ ಇಂಥವನ್ನೇ ಹಾಕುವ ಚಾನೆಲ್ ಒಂದು ಸಿಕ್ಕಿತು, ಅಷ್ಟೇ. ಇಂಗ್ಲಿಷ್ ಬರುತ್ತಿರಲಿಲ್ಲ. ಶಬ್ದ ಕಡಿಮೆ ಮಾಡಿಸಿ ಕತೆಯನ್ನು ತಾನೇ ಕಟ್ಟಿಕೊಳ್ಳುತ್ತಿದ್ದಳು. ಹ್ಯಾಟಿನವನು ಸುಳ್ಳ, ತುಪ್ಪಳದ ಕೋಟಿನವಳು ಅವನನ್ನು ನಂಬಿ ಕೆಟ್ಟಳು, ಮೆಟ್ಟಿಲ ಮೇಲೆ ನಿಂತ ಅತ್ತೆಯ ಕಣ್ಣೇ ಸರಿಯಿಲ್ಲ. ಅದು ಅತ್ತೆಯಲ್ಲಮ್ಮ, ಮನೆಗೆಲಸದವಳು ಎಂದರೆ ನಿನಗೇನು ಗೊತ್ತು ಎಂದು ನನ್ನ ಬಾಯಿ ಮುಚ್ಚಿಸುತ್ತಿದ್ದಳು.

ಸಿನಿಮಾ ಮುಗಿದ ಮೇಲೆ ವಿಚಾರಣೆ. ನಾನು ಫೋನಿನಲ್ಲಿ ನೋಡಿ ಹೇಳಬೇಕು: ಇವನು ಇದ್ದಾನಾ? ಇವಳು? ಎಲ್ಲರೂ ಹೋಗಿದ್ದರು. ತೊಟ್ಟಿಲಲ್ಲಿದ್ದ ಮಗು ಕೂಡ ಮುದುಕಿಯಾಗಿ ತೀರಿಹೋಗಿತ್ತು. ಅಯ್ಯೋ ಪಾಪ ಎಂದು ಅಮ್ಮ ನಿಜಕ್ಕೂ ನೊಂದುಕೊಳ್ಳುತ್ತಿದ್ದಳು. ಮರುದಿನ ಮತ್ತೆ ಅವರೆದುರೇ ಹೋಗಿ ಕೂರುತ್ತಿದ್ದಳು.

ಆದರೆ ಆರೂವರೆಗೆ ಟಿ.ವಿ. ಆರಲೇಬೇಕು. ಅದು ಲಕ್ಷ್ಮಿ ಬರುವ ಹೊತ್ತು, ದೀಪ ಹಚ್ಚುವಾಗ ಸತ್ತವರು ಮನೆಯೊಳಗೆ ಓಡಾಡಬಾರದು. ಟೆಕ್ಸಸ್ಸಿನ ಜೂನ್ ತಿಂಗಳಲ್ಲಿ ಆ ಹೊತ್ತಿಗೆ ಬಿಸಿಲು ಹಿತ್ತಲ ಬೇಲಿ ದಾಟಿ ಸೋಫಾದ ಮೇಲೆ ಸುರಿಯುತ್ತಿರುತ್ತದೆ. ಕತ್ತಲಾಗಲು ಇನ್ನೂ ಎರಡು ಗಂಟೆಯಿದೆ ಎಂದರೆ ಕೇಳುವ ಪೈಕಿಯಲ್ಲ. ಮೈಸೂರಿನಲ್ಲಿ ದೀಪದ ಹೊತ್ತು ಆರೂವರೆ ಎಂದರೆ ಇಲ್ಲಿಯೂ ಆರೂವರೆಯೇ. ಆ ಬೆಳಕಿನಲ್ಲಿ ಅವಳು ಹಚ್ಚಿದ ದೀಪ ಉರಿಯುತ್ತಿದೆಯೋ ಇಲ್ಲವೋ ಎಂದು ಬಗ್ಗಿ ನೋಡಬೇಕಾಗುತ್ತಿತ್ತು.

ಒಂದು ಸಂಜೆ, ಸಿನಿಮಾದ ಆ ಅತ್ತೆಯನ್ನು ಚಿಕ್ಕಮ್ಮನಿಗೆ ತೋರಿಸಲೇಬೇಕೆಂದು ಹಟ ಹಿಡಿದಳು. ನಾನು ಟಿ.ವಿ.ಗೆ ಫೋನ್ ಹಿಡಿದು ವಿಡಿಯೊ ಮಾಡಿ ಊರಿಗೆ ಕಳಿಸಿ ಮರೆತೆ.

ಅಮ್ಮ ಊರಿಗೆ ಮರಳಿದ ಮುಂದಿನ ವರ್ಷ ತೀರಿಕೊಂಡಳು. ಫೋಟೊಗಳೇನೋ ರಾಶಿ ಇವೆ. ಕ್ಯಾಮೆರಾ ಕಂಡರೆ ಮಾತು ನಿಲ್ಲಿಸಿ, ಸೆರಗು ಹೊದ್ದು, ಪಾಸ್‌ಪೋರ್ಟಿಗೆ ಕೂತ ಹಾಗೆ ಕೂರುವವಳು. ನನಗೆ ಬೇಕಾಗಿದ್ದು ಅವಳ ದನಿ. ಅದು ನನ್ನ ಕಿವಿಯಿಂದ ಮಾಸುತ್ತಾ ಬಂದಿತ್ತು, ನನಗೆ ಭಯವಾಗತೊಡಗಿತ್ತು. ಟಿ.ವಿ.ಯ ಆ ವಿಡಿಯೊದಲ್ಲಿ ಅವಳು ಮಾತಾಡಿದ್ದು ನೆನಪಾಯಿತು, ಆದರೆ ಅದಿದ್ದ ಫೋನು ಯಾವಾಗಲೋ ಕೆಟ್ಟುಹೋಗಿತ್ತು. ಚಿಕ್ಕಮ್ಮನನ್ನು ಕಾಡಿ ಬೇಡಿ ಹುಡುಕಿಸಿದೆ.

ಮೊನ್ನೆ, ನವೆಂಬರಿನ ಒಂದು ಸಂಜೆ, ಹತ್ತಿರದ ಊರು ಪೇರ್‌ಲ್ಯಾಂಡಿನ ದೇವಸ್ಥಾನದಿಂದ ಡ್ರೈವ್ ಮಾಡಿಕೊಂಡು ಬಂದು ಒಳಗೆ ಕಾಲಿಡುವಾಗ ಚಿಕ್ಕಮ್ಮನಿಂದ ಆ ವಿಡಿಯೊ ಬಂತು. ಗಡಿಯಾರ ಆರೂವರೆಗೆ ಹತ್ತಿರವಿತ್ತು. ಈ ಹೊತ್ತಿನಲ್ಲಿ ಸತ್ತವರನ್ನು ಒಳಗೆ ಬಿಡಬಾರದೆಂದವಳು ಅವಳೇ. ಮೊದಲು ದೀಪ ಹಚ್ಚೋಣವೆಂದುಕೊಂಡೆ. ಮನಸ್ಸು ತಡೆಯಲಿಲ್ಲ. ದೊಡ್ಡ ಟಿ.ವಿ.ಗೇ ಹಾಕಿದೆ.

ಅದೇ ಮೆಟ್ಟಿಲು, ಅದೇ ಹೆಂಗಸು. ನೋಡೇ ಅವಳ ನಡಿಗೆ ಎಂದಿತು ಅಮ್ಮನ ದನಿ. ತಿರುಗಿ ಸೋಫಾ ನೋಡಿದೆ. ಯಾರೂ ಇರಲಿಲ್ಲ. ಎಂಥ ಪೆದ್ದಿ ನಾನು, ಈ ಹಾಳು ಸಿನಿಮಾ ಬಿಟ್ಟು ಫೋನನ್ನು ಒಂದು ಸಲ ಅವಳತ್ತ ತಿರುಗಿಸಬಾರದಿತ್ತೆ ಎಂದು ನನ್ನನ್ನೇ ಬೈದುಕೊಂಡೆ. ಅಷ್ಟರಲ್ಲಿ ಅಮ್ಮ ಹೊತ್ತಾಯಿತು, ಆರಿಸು ಎಂದಳು. ವಿಡಿಯೊದೊಳಗಿನ ಟಿ.ವಿ. ಆರಿತು.

ಅಂದು ನಾನು ಫೋನಿನ ರೆಕಾರ್ಡಿಂಗ್ ನಿಲ್ಲಿಸಿರಲಿಲ್ಲ. ಕಪ್ಪಾದ ಆ ಟಿ.ವಿ.ಯ ಗಾಜಿನಲ್ಲಿ ನಮ್ಮ ನಡುಮನೆ ಮೂಡಿತು. ಬಿಸಿಲು, ಸೋಫಾ, ಮಂಡಿಗೆ ಕೈಯೂರಿ ಏಳುತ್ತಿದ್ದ ಅಮ್ಮ. ಅವಳ ಸೀರೆಯ ಹಸಿರು ಕಾಣುತ್ತಿರಲಿಲ್ಲ, ಅವಳೂ ಆ ಸಿನಿಮಾದವರ ಹಾಗೆ ಕಪ್ಪುಬಿಳುಪಾಗಿದ್ದಳು. ಎದ್ದು ನಿಂತು, ಗಾಜಿನಿಂದ ನೇರವಾಗಿ ನನ್ನನ್ನೇ ನೋಡಿದಳು.

"ಇನ್ನೂ ಹಿಡ್ಕೊಂಡೇ ಇದ್ದೀಯಲ್ಲೇ. ಸಾಕು, ಹೋಗಿ ದೀಪ ಹಚ್ಚು."

ವಿಡಿಯೊ ಅಲ್ಲಿಗೆ ನಿಂತಿತು, ಅಮ್ಮನ ಮುಖದ ಮೇಲೆ. ನಾನು ಹೋಗಿ ದೀಪ ಹಚ್ಚಿದೆ. ಟಿ.ವಿ. ಮಾತ್ರ ಆರಿಸಲಿಲ್ಲ.