ಬೆನ್ನ ಮೇಲೆ ಆರಿದ ಬೆವರು

ಶಾಲೆಯ ಗೇಟಿನ ಮುಂದೆ ಕಾಯುವ ಅಜ್ಜಿಯರಲ್ಲಿ ಲೂಮಿಂಗಳಷ್ಟು ಸಾಮಾನು ಹೊತ್ತು ಬರುವವರು ನಮ್ಮ ಬೀದಿಯಲ್ಲಿ ಬೇರೆ ಯಾರೂ ಇರಲಿಲ್ಲ. ಒಂದು ಪ್ಲಾಸ್ಟಿಕ್ ಬುಟ್ಟಿ. ಅದರೊಳಗೆ ಇಸ್ತ್ರಿ ಮಾಡಿದ ಮೂರು ಬಿಳಿ ಬನಿಯನ್, ಅಂಗೈಯಗಲದ ಐದಾರು ಟವೆಲ್ ತುಂಡು, ಪೌಡರ್ ಡಬ್ಬಿ, ನೀರಿನ ಬಾಟಲಿ, ಬೀಸಣಿಗೆ. ಮೊಮ್ಮಗಳು ಕ್ಲಾರಿಸಳಿಗೆ ಐದು ವರ್ಷ, ಅವಳ ತರಗತಿ ನಡೆಯುವುದೇ ಮೂರು ಗಂಟೆ. ಆ ಮೂರು ಗಂಟೆಯಲ್ಲಿ ಲೂಮಿಂಗ್ ಎರಡು ಸಲ ಒಳಗೆ ನುಗ್ಗಿ, ಹುಡುಗಿಯ ಅಂಗಿಯ ಕತ್ತಿನಿಂದ ಕೈ ಇಳಿಸಿ, ಬೆನ್ನಿಗಂಟಿದ ಒದ್ದೆ ಟವೆಲ್ ಎಳೆದು ಒಣಗಿದ್ದನ್ನು ಇಡುತ್ತಿದ್ದಳು. ಬನಿಯನ್ ಒದ್ದೆಯಾಗಿದ್ದರೆ ಅದನ್ನೂ ಅಲ್ಲೇ ಬದಲಿಸುತ್ತಿದ್ದಳು.

"ಅಜ್ಜೀ, ಮಕ್ಕಳು ಹತ್ತರವರೆಗೆ ಎಣಿಸೋದ್ರೊಳಗೆ ನೀವು ಎರಡು ಸಲ ಬಟ್ಟೆ ಬಿಚ್ಚಿಸ್ತೀರಲ್ಲ, ನಾನು ಪಾಠ ಮಾಡೋದು ಹೆಂಗೆ?" ಎಂದು ಟೀಚರು ಒಮ್ಮೆ ಕೇಳಿದರು.

"ನೀವು ಎಣಿಸ್ತಾ ಇರಿ ಮೇಡಂ. ನಾನೇನು ಲೆಕ್ಕ ತಪ್ಪಿಸ್ತೀನಾ?" ಎಂದಳು ಲೂಮಿಂಗ್. ಟೀಚರು ಮತ್ತೆ ಒಂದರಿಂದ ಎಣಿಸತೊಡಗಿದರು. ಅವರ ಮಗನ ಬೆನ್ನಲ್ಲೂ ಒಂದು ಟವೆಲ್ ಇದ್ದೇ ಇತ್ತು.

ನಮ್ಮಲ್ಲಿ ಎಲ್ಲ ತಾಯಂದಿರೂ ಇದನ್ನು ಮಾಡುವವರೇ. ಮಗುವಿನ ಬೆವರು ಬೆನ್ನ ಮೇಲೇ ಆರಿದರೆ ಅದು ಎದೆಗಿಳಿದು ನ್ಯುಮೋನಿಯಾ ಆಗುತ್ತದೆ ಎಂಬ ಮಾತನ್ನು ನಮಗೆ ಹಾಲಿನ ಜೊತೆಗೇ ಕುಡಿಸಿರುತ್ತಾರೆ. ಆದರೆ ಉಳಿದವರು ಒಂದು ದಿನ ಮರೆತರೆ ನಕ್ಕು ಸುಮ್ಮನಾಗುತ್ತಾರೆ. ಲೂಮಿಂಗಳಿಗೆ ಆ ನಗು ಇರಲಿಲ್ಲ.

ನಾನು ಸಾಲುದ್. ರೊಸಾರಿಯೊ ಊರಿನ ಈ ಕಡಲಂಚಿನ ಬೀದಿಯಲ್ಲಿ ಹತ್ತೊಂಬತ್ತು ವರ್ಷದಿಂದ ಆರೋಗ್ಯ ಕಾರ್ಯಕರ್ತೆ. ಕೂಸುಗಳನ್ನು ತೂಗುವುದು, ಲಸಿಕೆಗೆ ಬಾರದವರ ಬಾಗಿಲು ಬಡಿಯುವುದು, ಅವರಿಂದ ಬೈಸಿಕೊಂಡು ಮುಂದಿನ ಬಾಗಿಲಿಗೆ ಹೋಗುವುದು, ಇಷ್ಟೇ ಕೆಲಸ. ಈಗ ಅರವತ್ತೈದು. ಮೆಟ್ಟಿಲು ಕಂಡರೆ ಮಂಡಿ ಮುನಿಸಿಕೊಳ್ಳುತ್ತದೆ. ಇಷ್ಟು ವರ್ಷದಲ್ಲಿ ತಾಯಂದಿರು ನನ್ನನ್ನು ಕೇಳಿ ಕೇಳಿ ಸಾಕು ಮಾಡಿದ ಪ್ರಶ್ನೆ ಒಂದೇ. "ಈ ಸೆಕೇಲೂ ಮಗೂಗೆ ಒಳಗೆ ಬನೀನು ಹಾಕ್ಲೇಬೇಕಾ ಸಾಲುದಕ್ಕ?" ಪಕ್ಕದಲ್ಲಿ ಅತ್ತೆಯೋ ಅಜ್ಜಿಯೋ ನನ್ನ ಬಾಯನ್ನೇ ನೋಡುತ್ತ ನಿಂತಿರುತ್ತಿದ್ದಳು. "ಹಾಕಮ್ಮ, ಹಾಕು" ಎಂದುಬಿಡುತ್ತಿದ್ದೆ. ನ್ಯುಮೋನಿಯಾ ಬರುವುದು ರೋಗಾಣುವಿನಿಂದ, ಬೆವರಿನಿಂದಲ್ಲ ಎಂದು ತರಬೇತಿಯ ಮೊದಲ ವಾರವೇ ನಮಗೆ ಹೇಳಿಕೊಟ್ಟಿದ್ದರು. ನನಗೆ ಗೊತ್ತಿತ್ತು. ಆದರೆ ಬಿಸಿಲಲ್ಲಿ ನಿಂತು ಯಾವ ಅಜ್ಜಿಯ ಜೊತೆ ಜಗಳ ಕಾಯಲಿ? ಬನಿಯನ್ ಹಾಕಿದ್ದರಿಂದ ಯಾರೂ ಸತ್ತಿಲ್ಲ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ.

ಲೂಮಿಂಗ್ ನನಗಿಂತ ಎರಡು ವರ್ಷ ಚಿಕ್ಕವಳು. ಹತ್ತೊಂಬತ್ತಕ್ಕೆ ಅಂಬೊನನ್ನು ಮದುವೆಯಾಗಿ ಈ ಬೀದಿಗೆ ಬಂದಳು. ಅತ್ತೆ ಕಾಸಿಯಾನಾ ಹೊಗೆಮೀನಿನ ವ್ಯಾಪಾರ ಮಾಡುತ್ತಿದ್ದಳು. ಉಪ್ಪುನೀರಲ್ಲಿ ಬೇಯಿಸಿದ ಮೀನನ್ನು ಬಿದಿರಿನ ತಟ್ಟೆಗಳಲ್ಲಿ ಜೋಡಿಸಿ, ಮರದ ಹೊಟ್ಟಿನ ಹೊಗೆಗೆ ಒಡ್ಡಿ, ಹೊಂಬಣ್ಣಕ್ಕೆ ತರುವ ಕೆಲಸ. ಅದು ಸೊಸೆಯ ಪಾಲಿಗೆ ಬಂತು. ಅಂಬೊ ಮದುವೆಯ ವರ್ಷವೇ ತನ್ನ ಕೈಯಾರೆ ಮೂರು ಒಲೆ ಕಟ್ಟಿದ. ಮಳೆಯಲ್ಲಿ ಹೆಂಡತಿ ಅಂಗಳ ದಾಟಿ ಓಡಾಡಬಾರದು ಎಂದು ತಾವು ಮಲಗುವ ಕೋಣೆಯ ಗೋಡೆಗೇ ಅವನ್ನು ಅಂಟಿಸಿದ್ದ. ಬೀದಿಯ ಹೆಂಗಸರೆಲ್ಲ ಹೊಟ್ಟೆಕಿಚ್ಚು ಪಟ್ಟೆವು. ನಮ್ಮ ಗಂಡಂದಿರಿಗೆ ಅಷ್ಟು ಬುದ್ಧಿ ಇರಲಿಲ್ಲ.

ಅವರ ಮೊದಲ ಮಗ ನಾತೊ. ಅವನಿಗೆ ಮೂರು ವರ್ಷವಾಗಿದ್ದಾಗ, ಒಂದು ಡಿಸೆಂಬರಿನ ಮಧ್ಯಾಹ್ನ, ಆಡಿ ಬೆವತು ಬಂದವನು ಒಲೆಯ ಪಕ್ಕ ತಾಯಿಯ ಕಾಲ ಬಳಿಯೇ ಮಲಗಿ ನಿದ್ದೆ ಹೋದ. ಕ್ರಿಸ್‌ಮಸ್ಸಿನ ಮೀನು, ಲೂಮಿಂಗಳ ಮುಂದೆ ನಲವತ್ತು ತಟ್ಟೆ. ಮಗುವಿನ ಬನಿಯನ್ ಬದಲಿಸುವುದು ಅವಳಿಗೆ ಮರೆತೇಹೋಯಿತು. ಮೂರನೆಯ ದಿನ ಜ್ವರ ಬಂತು. ಐದನೆಯ ದಿನ ಉಸಿರಿಗೆ ಕಷ್ಟವಾಯಿತು. ಒಂಬತ್ತನೆಯ ದಿನ ಮಗು ಹೋಯಿತು.

ಶವಪೆಟ್ಟಿಗೆಯ ಪಕ್ಕ ನಿಂತು ಕಾಸಿಯಾನಾ ಬೀದಿಗೆಲ್ಲ ಕೇಳುವಂತೆ ಹೇಳಿದಳು. "ಬೆವರು ಬೆನ್ನ ಮೇಲೇ ಆರಿಹೋಯ್ತು. ಇವ್ಳ ಕೈಗೆ ಒಂದು ಬನೀನು ಬದಲಾಯಿಸಕ್ಕೆ ಪುರುಸೊತ್ತಿರಲಿಲ್ಲ." ನಾನು ಅಲ್ಲೇ ಇದ್ದೆ. ಲೂಮಿಂಗ್ ಅಳಲಿಲ್ಲ, ಹೌದೆಂದು ತಲೆಯಾಡಿಸಿದಳು. ಆಮೇಲೆ ಇಪ್ಪತ್ತು ವರ್ಷ, ತಾನು ಸಾಯುವವರೆಗೂ ಕಾಸಿಯಾನಾ ಆ ಮಾತನ್ನು ಬಿಡಲಿಲ್ಲ.

ಅಂಬೊ ಮಾತ್ರ ಒಂದು ಮಾತೂ ಆಡಲಿಲ್ಲ. ಜಗಳದಲ್ಲೂ ಇಲ್ಲ, ಕುಡಿದು ಬಂದಾಗಲೂ ಇಲ್ಲ. "ಊರೆಲ್ಲ ಅಂದ್ರು ಅಕ್ಕ. ಅವ್ನೊಬ್ಬ ಅನ್ಲಿಲ್ಲ" ಎಂದು ಲೂಮಿಂಗ್ ನನಗೆ ಎಷ್ಟು ಸಲ ಹೇಳಿದ್ದಾಳೋ. ಆ ಒಂದು ಆಸರೆಯ ಮೇಲೆ ಅವಳು ಬದುಕಿಬಿಟ್ಟಳು. ಆಮೇಲೆ ಹುಟ್ಟಿದ ಮೂವರನ್ನು ಬೆಳೆಸಿದಳು, ಈಗ ಮಗಳು ನೆನಿತಾಳ ಕೂಸನ್ನೂ ಬೆಳೆಸುತ್ತಿದ್ದಾಳೆ. ನಲವತ್ತು ವರ್ಷ ದಿನಕ್ಕೆ ನಾಲ್ಕೈದು ಬನಿಯನ್ ಒಗೆದು, ಅವಳ ಬೆರಳ ಸಂದಿಯ ಚರ್ಮ ಸೋಪಿಗೆ ಸುಲಿದು ಬೆಳ್ಳಗಾಗಿದೆ. ಗೇಟಿನ ಮುಂದೆ ಕೂತಲ್ಲೇ ತೂಕಡಿಸುತ್ತಿದ್ದಳು. ಗಂಟೆ ಬಾರಿಸಿದರೆ ಮಾತ್ರ ತಟ್ಟನೆ ಎದ್ದು ಒಳಗೆ ಓಡುತ್ತಿದ್ದಳು.

ಈ ಮಾರ್ಚಿನ ಸೆಕೆ ನಿಮಗೂ ಗೊತ್ತು, ಫ್ಯಾನು ಬಿಸಿಗಾಳಿಯನ್ನೇ ತಿರುವಿ ತಿರುವಿ ಕೊಡುತ್ತಿತ್ತು. ಕ್ಲಾರಿಸಳ ಬೆನ್ನ ತುಂಬ ಬೆವರುಸಾಲೆ ಎದ್ದಿತು. ಕೆರೆದು ಕೆರೆದು ಕೀವಾಯಿತು. ಬಟ್ಟೆ ಕಾರ್ಖಾನೆಯಲ್ಲಿ ಹೊಲಿಯುವ ನೆನಿತಾ ಒಂದು ಬೆಳಿಗ್ಗೆ ಕೆಲಸಕ್ಕೆ ಹೊರಟವಳು ಬಾಗಿಲಲ್ಲೇ ಸಿಡಿದಳು. "ಅಮ್ಮಾ, ಬನೀನು, ಅದ್ರ ಮೇಲೆ ಟವೆಲ್ಲು, ಅದ್ರ ಮೇಲೆ ಅಂಗಿ! ಮಗೂನ ಮೂಟೆ ಕಟ್ತಿದೀಯಾ? ಇವತ್ತು ಡಾಕ್ಟರ ಹತ್ರ ಕರ್ಕೊಂಡು ಹೋಗು. ಬನೀನು ಬೇಕೋ ಬೇಡ್ವೋ ಅವ್ರೇ ಹೇಳ್ಲಿ."

ಶಾಲೆ ಬಿಟ್ಟ ಮೇಲೆ ಅಜ್ಜಿ ಮೊಮ್ಮಗಳು ಇಬ್ಬರೂ ಆರೋಗ್ಯ ಕೇಂದ್ರಕ್ಕೆ ಬಂದರು. ವಾರಕ್ಕೆರಡು ದಿನ ಬರುವ ಡಾಕ್ಟರು ಅಬ್ರೆನಿಕಾ ಅಂದು ಇದ್ದರು. ನನ್ನ ಮಗಳಿಗಿಂತ ಚಿಕ್ಕ ವಯಸ್ಸು, ಒಳ್ಳೆಯ ಹುಡುಗಿ, ಮನಸ್ಸಲ್ಲಿದ್ದದ್ದು ನೇರ ಬಾಯಿಗೆ ಬರುತ್ತದೆ. ಕ್ಲಾರಿಸಳ ಅಂಗಿ ಎತ್ತಿ ನೋಡಿ ನಾಲಿಗೆ ಲೊಚಗುಟ್ಟಿದರು.

"ಅಜ್ಜೀ, ಈ ಬನೀನು ತೆಗೀರಿ. ಟವೆಲ್ಲೂ ಬೇಡ. ತೆಳ್ಳಗಿರೋ ಒಂದೇ ಅಂಗಿ ಸಾಕು."

"ತೆಗೆದ್ರೆ ಬೆವರು ಬೆನ್ನ ಮೇಲೇ ಆರುತ್ತಲ್ಲ ಡಾಕ್ಟ್ರೇ."

"ಆರ್ಲಿ ಬಿಡಿ. ಬೆವರು ಇರೋದೇ ಆರೋಕೆ. ಅದ್ರಿಂದ ಮಗೂಗೆ ಏನೂ ಆಗಲ್ಲ."

"ನ್ಯುಮೋನಿಯಾ?"

"ಬೆವರಿಂದ ಯಾವ ಮಗೂಗೂ ನ್ಯುಮೋನಿಯಾ ಬಂದಿಲ್ಲ ಅಜ್ಜೀ. ಇದನ್ನ ನಾನು ವಾರಕ್ಕೆ ಐವತ್ತು ಸಲ ಹೇಳ್ತೀನಿ."

ಲೂಮಿಂಗ್ ಮೊಮ್ಮಗಳ ಬನಿಯನ್ ಮಡಚಿ ತೊಡೆಯ ಮೇಲಿಟ್ಟುಕೊಂಡಳು. ನಾನು ತಕ್ಕಡಿಯ ಪಕ್ಕ ನಿಂತಿದ್ದೆ. ಅವಳು ಏನು ಕೇಳುತ್ತಾಳೆಂದು ನನಗೆ ಗೊತ್ತಾಯಿತು.

"ನನ್ನ ಮಗ ಹಂಗೇ ಹೋದ ಡಾಕ್ಟ್ರೇ. ಬನೀನು ಬದಲಾಯಿಸೋದು ಮರ್ತಿದ್ದೆ. ನಲವತ್ತು ವರ್ಷ ಆಯ್ತು. ಹಂಗಾದ್ರೆ ಅದು ನನ್ನಿಂದ ಆಗಿದ್ದಲ್ವಾ?"

ಡಾಕ್ಟರು ಪೆನ್ನು ಕೆಳಗಿಟ್ಟು ಅವಳ ಕೈ ಹಿಡಿದುಕೊಂಡರು. "ಅಲ್ಲ ಅಜ್ಜೀ. ಖಂಡಿತ ಅಲ್ಲ."

ಅಷ್ಟಕ್ಕೇ ನಿಲ್ಲಿಸಿದ್ದರೆ ಆ ಹುಡುಗಿಗೆ ನಾನು ದಿನಾ ಕೈ ಮುಗಿಯುತ್ತಿದ್ದೆ. ಆದರೆ ಅವರಿಗೆ ಲೂಮಿಂಗಳ ಮನೆ ಗೊತ್ತಿರಲಿಲ್ಲ. ಸಮಾಧಾನ ಮಾಡುವ ಭರದಲ್ಲಿ ಮುಂದುವರಿಸಿದರು. "ಅದು ರೋಗಾಣುವಿಂದ ಬರೋದು. ಆಗೆಲ್ಲ ಈಗಿನ ಲಸಿಕೆ ಎಲ್ಲಿತ್ತು? ಚಿಕ್ಕ ಮಕ್ಕಳ ಎದೆ ಮೆತ್ತಗಿರುತ್ತೆ. ಮನೇಲಿ ಹೊಗೆ ಇದ್ರಂತೂ ಇನ್ನೂ ಬೇಗ ಹಿಡಿಯುತ್ತೆ. ನೀವೇನು ಮಾಡಕ್ಕಾಗ್ತಿತ್ತು?"

"ಡಾಕ್ಟ್ರೇ, ಹೊರಗಡೆ ತುಂಬಾ ಜನ ಕಾಯ್ತಿದಾರೆ" ಎಂದೆ ನಾನು ದೊಡ್ಡ ದನಿಯಲ್ಲಿ. ಹೊರಗೆ ಇದ್ದದ್ದು ಇಬ್ಬರೇ.

ಮುಲಾಮು ತೆಗೆದುಕೊಂಡು ಹೊರಬಂದೆವು. ಕ್ಲಾರಿಸ್ ಬರಿಯ ಅಂಗಿಯಲ್ಲಿ ಮುಂದೆ ಮುಂದೆ ಕುಣಿಯುತ್ತ ಓಡಿದಳು. ಚರ್ಚಿನ ಗೋಡೆಯ ಪಕ್ಕದ ಕಲ್ಲಿನ ಮೇಲೆ ಲೂಮಿಂಗ್ ಕೂತುಬಿಟ್ಟಳು. ನಾನೂ ಕೂತೆ.

"ಅಕ್ಕಾ, ನಿಂಗೆ ಇದು ಮೊದ್ಲೇ ಗೊತ್ತಿತ್ತಾ?"

ಸುಳ್ಳು ಹೇಳಲು ಬಾಯಿ ತೆರೆದೆ, ಬರಲಿಲ್ಲ. "ಹತ್ತೊಂಬತ್ತು ವರ್ಷದಿಂದ ಗೊತ್ತು" ಎಂದೆ.

"ಯಾಕೆ ಹೇಳ್ಲಿಲ್ಲ?"

"ಸೋಮಾರಿತನ ಕಣೇ. ಜಗಳ ಯಾರಿಗೆ ಬೇಕು ಅಂತ. ಬೈ ನಂಗೆ."

ಅವಳು ಬೈಯಲಿಲ್ಲ. ಬೈದಿದ್ದರೆ ನನಗೆ ಈಗ ಇಷ್ಟು ಸಂಕಟ ಇರುತ್ತಿರಲಿಲ್ಲ. "ಬೈಯಕ್ಕೂ ಶಕ್ತಿ ಇಲ್ಲಕ್ಕ" ಎಂದಳು. ಬುಟ್ಟಿಯಲ್ಲಿದ್ದ ಬನಿಯನ್ನುಗಳನ್ನು ತೆಗೆದು ನೋಡಿದಳು, ಮತ್ತೆ ಒಳಗಿಟ್ಟಳು. ಆಮೇಲೆ ಬಹಳ ಮೆಲ್ಲಗೆ ಹೇಳಿದಳು. "ಹೊಗೆ ಅಂದ್ರಲ್ಲ."

"ಅದು ನೂರು ಕಾರಣದಲ್ಲಿ ಒಂದು. ನಮ್ಮ ಬೀದೀಲಿ ಎಷ್ಟು ಮಕ್ಕಳು ಹೊಗೇಲಿ ಬೆಳೀಲಿಲ್ಲ?"

"ಒಲೆ ಕಟ್ಟಿದ್ದು ಅಂಬೊ. ಕೋಣೆ ಗೋಡೆಗೇ ಕಟ್ಟಿದ್ದ. ನಂಗೋಸ್ಕರ." ಅವಳು ನನ್ನ ಮೊಣಕೈ ಹಿಡಿದಳು. "ಅವ್ನಿಗೆ ಇದು ಗೊತ್ತಾಗಬಾರ್ದು. ಬೆವರಲ್ಲ ಅಂದ್ರೆ ಮತ್ತೇನು ಅಂತ ಕೇಳ್ತಾನೆ. ಕೇಳಿದ್ನೋ, ಒಲೆ ನೆನಪಾಗಕ್ಕೆ ಅವ್ನಿಗೆ ಒಂದು ದಿನಾನೂ ಬೇಡ. ಈ ವಯಸ್ಸಲ್ಲಿ ಅವ್ನು ತಡ್ಕೊಳಲ್ಲ. ನಂಗಾದ್ರೆ ಹೊತ್ತು ಅಭ್ಯಾಸ ಆಗಿದೆ."

"ಲೂಮಿಂಗ್, ಈಗಷ್ಟೇ ನಿನ್ನ ತಲೆ ಮೇಲಿಂದ ಆ ಭಾರ ಇಳೀತಲ್ಲೇ."

"ಇಳೀತು. ನಂಗೊಬ್ಬಳಿಗೆ ಗೊತ್ತಿದ್ರೆ ಸಾಕು. ಯಾರಿಗೂ ಹೇಳಲ್ಲ ಅಂತ ಮಾತು ಕೊಡು."

ಕೊಟ್ಟೆ. ಗುಳ್ಳೆ ಒಣಗಲಿ ಎಂದು ಡಾಕ್ಟರು ಬನಿಯನ್ ಬಿಡಿಸಿದರು, ಮನೆಯಲ್ಲಿ ಅಷ್ಟೇ ಹೇಳುವುದು ಎಂದು ತೀರ್ಮಾನಿಸಿದೆವು. ಅವಳನ್ನು ಒಂಟಿಯಾಗಿ ಕಳಿಸಲು ಮನಸ್ಸು ಬಾರದೆ ಮನೆಯವರೆಗೂ ಹೋದೆ.

ಅಂಬೊ ಬಾಗಿಲ ಮುಂದೆ ಕೂತು ಪಕ್ಕದ ಮನೆಯವರ ಬಿದಿರಿನ ತಟ್ಟೆ ರಿಪೇರಿ ಮಾಡುತ್ತಿದ್ದ. ಒಲೆಗಳನ್ನು ಒಡೆದುಹಾಕಿ ಎಷ್ಟೋ ಕಾಲವಾಯಿತು. ಅಲ್ಲಿ ಈಗ ಬಟ್ಟೆ ಒಣಗಿಸುವ ಹಗ್ಗ, ಹಗ್ಗದ ತುಂಬ ಸಣ್ಣ ಬನಿಯನ್ನುಗಳು. ಕ್ಲಾರಿಸ್ ನಮಗಿಂತ ಮುಂಚೆ ಓಡಿಹೋಗಿ ಅಜ್ಜನ ತೊಡೆಯೇರಿದಳು.

"ಅಜ್ಜಾ, ನಂಗೆ ಇನ್ಮೇಲೆ ಬನೀನಿಲ್ಲ! ಬೆವರು ಏನೂ ಮಾಡಲ್ವಂತೆ, ಡಾಕ್ಟರಮ್ಮ ಹೇಳಿದ್ರು. ಬೆವರಿಂದ ಯಾರಿಗೂ ನ್ಯುಮೋನಿಯಾ ಬರಲ್ವಂತೆ!"

ಐದು ವರ್ಷದ ಮಗುವಿನ ಬಾಯಿಗೆ ಬೀಗ ಹಾಕಬೇಕೆಂದು ನಮ್ಮಿಬ್ಬರಿಗೂ ಹೊಳೆದಿರಲಿಲ್ಲ. ಅಂಬೊ ಕೈಯಲ್ಲಿದ್ದ ಬಿದಿರಿನ ಸೀಳನ್ನು ಕೆಳಗಿಟ್ಟ.

"ಹಂಗಂದ್ರಾ?" ಎಂದು ಹೆಂಡತಿಯನ್ನು ನೋಡಿದ. "ಹಂಗಾದ್ರೆ ನಮ್ಮ ನಾತೊಗೆ ಯಾಕೆ ಬಂತಂತೆ? ಕೇಳಿದ್ಯಾ?"

ಗುಳ್ಳೆಯ ಮಾತು ಇನ್ನು ನಡೆಯುತ್ತಿರಲಿಲ್ಲ. ಲೂಮಿಂಗ್ ಬುಟ್ಟಿ ಕೆಳಗಿಟ್ಟಳು.

"ಹಂಗೇನೂ ಅನ್ಲಿಲ್ಲ. ಮಗು ಏನೋ ಕಲ್ಪಿಸ್ಕೊಂಡು ಹೇಳುತ್ತೆ" ಎಂದಳು. "ಪರೀಕ್ಷೆ ಮಾಡೋವಾಗ ಬನೀನು ತೆಗೆಸಿದ್ರು. ಮತ್ತೆ ಹಾಕೋದು ನಾನೇ ಮರ್ತೆ."

ಅಂಬೊ ಮೊಮ್ಮಗಳ ಅಂಗಿಯೊಳಗೆ ಕೈ ಹಾಕಿ ಬೆನ್ನು ಮುಟ್ಟಿ ನೋಡಿದ. ಓಡಿ ಬಂದ ಬೆವರು, ಅರ್ಧ ಆರಿತ್ತು. ಆತ ದನಿ ಏರಿಸಲಿಲ್ಲ. ಸಿಟ್ಟೂ ಇರಲಿಲ್ಲ, ಸುಸ್ತಿತ್ತು ಅಷ್ಟೇ.

"ಮತ್ತೆ ಮರ್ತ್ಯಾ, ಲೂಮಿಂಗ್?" ಎಂದ.

ನಲವತ್ತು ವರ್ಷ ಆಡದೆ ಇಟ್ಟುಕೊಂಡಿದ್ದ ಮಾತು ಅದು. ನನ್ನ ನಾಲಿಗೆಯ ತುದಿಗೆ ಒಲೆಯ ವಿಷಯ ಬಂದಿತ್ತು, ಹಾಳು ಮಾತು ಕೊಟ್ಟು ಕೂತಿದ್ದೆ.

"ಹ್ಞೂಂ," ಎಂದಳು ಲೂಮಿಂಗ್. "ಮತ್ತೆ ಮರ್ತೆ." ಹಗ್ಗದ ಕಡೆ ಹೋಗಿ, ಒಣಗಿರುವುದು ಯಾವುದೆಂದು ಒಂದೊಂದೇ ಬನಿಯನ್ ಮುಟ್ಟಿ ನೋಡತೊಡಗಿದಳು.